ಬೇಸಿಗೆಯಲ್ಲಿ ತೋಟ, ಹಿತ್ತಲು ಸವರುವ ಮುನ್ನ: ಬೆಂಕಿ, ಮಿಷನ್, ಹಾವು ಕುರಿತ ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ?

ಶಿವರಾತ್ರಿ ಕಳೆದು ಯುಗಾದಿ ಹತ್ತಿರ ಬರುವಾಗ ಹಳ್ಳಿಯ ಮನೆಗಳಲ್ಲಿ ವರ್ಷದ ದೊಡ್ಡ ಕೆಲಸವೊಂದು ಶುರುವಾಗುತ್ತದೆ. ತೋಟದ ಒಣ ಹುಲ್ಲು ಹೊಡೆಸಬೇಕು, ಬೇಲಿ ಸವರಬೇಕು, ತರಗೆಲೆ ಗುಡಿಸಬೇಕು, ಮಳೆ ಹಿಡಿಯುವ ಮೊದಲು ಚರಂಡಿ ಬಿಡಿಸಬೇಕು. ಊರಿನ ಮನೆಗೆ ರಜೆಯಲ್ಲಿ ಹೋಗುವ ನಗರದವರೂ ಇದೇ ಸಮಯದಲ್ಲಿ ಹಿತ್ತಲು ಸ್ವಚ್ಛ ಮಾಡಿಸುತ್ತಾರೆ. ಸರಿಯಾಗಿ ಆಗಲೇ ವಾಟ್ಸಾಪ್ ಗ್ರೂಪುಗಳಲ್ಲಿ ಸಲಹೆಗಳೂ ಓಡಾಡಲು ಶುರುವಾಗುತ್ತವೆ. ಹುಲ್ಲು ಸುಟ್ಟರೆ ಒಳ್ಳೆಯ ಗೊಬ್ಬರ, ಉಪ್ಪು ಮತ್ತು ವಿನೆಗರ್ ಹಾಕಿದರೆ ಕಳೆ ಮತ್ತೆ ಹುಟ್ಟುವುದಿಲ್ಲ, ಫಿನಾಯಿಲ್ ಚೆಲ್ಲಿದರೆ ಹಾವು ಬರುವುದಿಲ್ಲ, ನೈಲಾನ್ ದಾರದ ಬದಲು ಕೇಬಲ್ ತಂತಿ ಹಾಕಿದರೆ ದುಡ್ಡು ಉಳಿಯುತ್ತದೆ, ಬಿಸಿಲಿನಿಂದ ಬಂದು ತಣ್ಣೀರು ಕುಡಿದರೆ ರಕ್ತನಾಳ ಒಡೆಯುತ್ತದೆ.

ಇವುಗಳಲ್ಲಿ ಕೆಲವು ಅರ್ಧ ನಿಜ, ಕೆಲವು ಪೂರ್ತಿ ಸುಳ್ಳು. ಎರಡು ಮೂರಂತೂ ಕಣ್ಣನ್ನೋ ಜೀವವನ್ನೋ ತೆಗೆಯುವಂಥವು.

ಸುಟ್ಟ ಬೂದಿ ಗೊಬ್ಬರವೇ?

ಇದು ಅರ್ಧ ನಿಜ. ಬೂದಿಯಲ್ಲಿ ಪೊಟ್ಯಾಷ್ ಇದೆ, ಸುಣ್ಣದ ಅಂಶ ಇದೆ. ಹುಳಿ ಮಣ್ಣಿರುವ ಮಲೆನಾಡು, ಕರಾವಳಿಯಲ್ಲಿ ಒಲೆಯ ಬೂದಿಯನ್ನು ಬಾಳೆ, ತೆಂಗಿನ ಬುಡಕ್ಕೆ ಹಾಕುವ ರೂಢಿ ಸುಮ್ಮನೆ ಬಂದದ್ದಲ್ಲ. ಆದರೆ ಒಲೆಯ ಬೂದಿ ಬೇರೆ, ತೋಟದ ಹುಲ್ಲು ಮತ್ತು ಎಲೆಗೆ ಬೆಂಕಿ ಕೊಡುವುದು ಬೇರೆ.

ಎಲೆ, ಹುಲ್ಲು ಉರಿಯುವಾಗ ಅದರಲ್ಲಿದ್ದ ಸಾರಜನಕ ಹೆಚ್ಚುಕಮ್ಮಿ ಪೂರ್ತಿ ಅನಿಲವಾಗಿ ಗಾಳಿಗೆ ಹೋಗುತ್ತದೆ. ಗಂಧಕದ ದೊಡ್ಡ ಪಾಲೂ ಹೋಗುತ್ತದೆ. ಮಣ್ಣಿಗೆ ಎಲ್ಲಕ್ಕಿಂತ ಬೇಕಾದ ಇಂಗಾಲ, ಅಂದರೆ ಕೊಳೆತು ಕಪ್ಪು ಮಣ್ಣಾಗಬೇಕಿದ್ದ ಭಾಗ, ಹೊಗೆಯಾಗುತ್ತದೆ. ಉಳಿಯುವ ಪೊಟ್ಯಾಷ್ ನೀರಿನಲ್ಲಿ ಸುಲಭವಾಗಿ ಕರಗುವಂಥದ್ದು. ಏಪ್ರಿಲ್‌ನಲ್ಲಿ ಒಂದು ಗಾಳಿ ಬೀಸಿದರೆ ಅರ್ಧ ಬೂದಿ ಪಕ್ಕದವರ ಜಾಗಕ್ಕೆ, ಮುಂಗಾರು ಪೂರ್ವದ ಒಂದು ಜೋರು ಮಳೆ ಬಿದ್ದರೆ ಇಳಿಜಾರಿನಲ್ಲಿ ಉಳಿದದ್ದು ಹಳ್ಳಕ್ಕೆ. ಅದೇ ಎಲೆಯನ್ನು ತೆಂಗಿನ ಬುಡದ ಪಾತಿಗೆ ಹೊದಿಸಿದರೆ ಬೇಸಿಗೆಯಲ್ಲಿ ತೇವ ಉಳಿಸುತ್ತದೆ, ಮಳೆಗಾಲದಲ್ಲಿ ಕೊಳೆತು ಎಲ್ಲ ಪೋಷಕಾಂಶವನ್ನೂ ಅಲ್ಲೇ ಬಿಡುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಕೂಡ ತೆಂಗಿಗೆ ಹೇಳುವುದು ಎಲೆ, ಗರಿ, ಸಿಪ್ಪೆಯ ಹೊದಿಕೆಯನ್ನೇ. ಮಲೆನಾಡಿನಲ್ಲಿ ಹಿಂದಿನವರು ದರಕನ್ನು ಗುಡಿಸಿ ಕೊಟ್ಟಿಗೆಗೆ ಹಾಸಿ, ಸಗಣಿ ಗಂಜಲ ಹೀರಿದ ಮೇಲೆ ಗೊಬ್ಬರದ ಗುಂಡಿಗೆ ಹಾಕುತ್ತಿದ್ದರು. ಸುಡುವುದು ಹಳೆಯ ಜ್ಞಾನ ಎಂದು ಬರೆಯುವ ಫಾರ್ವರ್ಡ್‌ಗಳು ಇದನ್ನು ಮಾತ್ರ ಬಿಟ್ಟುಬಿಡುತ್ತವೆ.

ಸುಟ್ಟರೆ ಕಳೆಯ ಬೀಜ, ಬೇರು ಸಾಯುತ್ತವೆ ಎನ್ನುವ ಮಾತೂ ಇದೆ. ಒಣ ಹುಲ್ಲಿನ ಬೆಂಕಿ ಬೇಗ ಹಾದುಹೋಗುತ್ತದೆ, ಅದರ ಬಿಸಿ ಮಣ್ಣಿನ ಮೇಲಿನ ತೆಳು ಪದರಕ್ಕಷ್ಟೇ ತಾಗುತ್ತದೆ. ಕೆಳಗಿನ ಗರಿಕೆ ಬೇರು, ಜೇಕಿನ ಗಡ್ಡೆ, ಲಂಟಾನದ ಬುಡ ಹಾಗೆಯೇ ಇರುತ್ತವೆ. ಬೆಂಕಿ ಬಿದ್ದ ಬೇಣದಲ್ಲಿ ಮೊದಲ ಮಳೆಗೆ ಹುಲ್ಲು ದಟ್ಟವಾಗಿ ಚಿಗುರುವುದನ್ನು ನೋಡಿದವರಿಗೆ ಇದನ್ನು ಬೇರೆ ಹೇಳಬೇಕಿಲ್ಲ.

ಬೆಂಕಿ ಎಲ್ಲಿಯವರೆಗೆ ಹೋಗಬಹುದು?

2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡಿಗೆ ಬಿದ್ದ ಬೆಂಕಿಯಲ್ಲಿ ಸಾವಿರಾರು ಎಕರೆ ಸುಟ್ಟುಹೋಯಿತು. ಅಷ್ಟು ದೊಡ್ಡದಾಗದಿದ್ದರೂ, ಗೇರು ತೋಟ, ರಬ್ಬರ್ ತೋಟ, ಹುಲ್ಲಿನ ಬಣವೆ ಸುಟ್ಟ ಸುದ್ದಿ ಪ್ರತಿ ಮಾರ್ಚ್, ಏಪ್ರಿಲ್‌ನಲ್ಲಿ ಯಾವುದಾದರೂ ತಾಲ್ಲೂಕಿನಿಂದ ಬರುತ್ತದೆ.

ಬೇಸಿಗೆಯ ಮಧ್ಯಾಹ್ನ ಗಾಳಿಯಲ್ಲಿ ತೇವ ತೀರಾ ಕಡಿಮೆ. ಹುಲ್ಲು ಕಾಗದದಷ್ಟು ಒಣಗಿರುತ್ತದೆ. ಬಿಸಿಲು ಏರಿದಂತೆ ಗಾಳಿ ದಿಕ್ಕು ಬದಲಿಸುತ್ತಾ ಬೀಸುತ್ತದೆ. ಇಳಿಜಾರಿನಲ್ಲಿ ಬೆಂಕಿ ಮೇಲಕ್ಕೆ ಓಡುವ ವೇಗ ಸಮತಟ್ಟಿನಲ್ಲಿರುವುದಕ್ಕಿಂತ ಬಹಳ ಹೆಚ್ಚು, ಏಕೆಂದರೆ ಜ್ವಾಲೆ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸಿಟ್ಟಿರುತ್ತದೆ. ಆದ್ದರಿಂದ ಗುಡ್ಡದಲ್ಲಿ ಬೆಂಕಿಯ ಮೇಲ್ಭಾಗದಲ್ಲಿ ನಿಂತು ಸೊಪ್ಪಿನಿಂದ ಬಡಿದು ಆರಿಸಲು ಹೋಗುವುದು ಅಪಾಯ. ಇನ್ನೊಂದು ವಿಷಯವನ್ನು ಹಲವರು ಗಮನಿಸುವುದಿಲ್ಲ. ತೆಂಗಿನ ಸಿಪ್ಪೆ, ಮರದ ಬೊಡ್ಡೆ, ಸಗಣಿ ಒಳಗೊಳಗೇ ಗಂಟೆಗಟ್ಟಲೆ ಕೆಂಡ ಹಿಡಿದಿಡುತ್ತವೆ. ಸಂಜೆ ಆರಿತೆಂದು ಬಿಟ್ಟುಹೋದ ರಾಶಿ ಮರುದಿನದ ಗಾಳಿಗೆ ಮತ್ತೆ ಏಳಬಹುದು.

ಹುಲ್ಲು ಹೊಡೆಸುವ ಕೆಲಸದ ನಿಜವಾದ ಲಾಭ ಇಲ್ಲೇ ಇರುವುದು. ಮನೆ, ಕೊಟ್ಟಿಗೆ, ಬಣವೆ, ಪಂಪ್ ಮನೆಯ ಸುತ್ತ ನಾಲ್ಕೈದು ಮೀಟರ್ ಅಗಲಕ್ಕೆ ಒಣ ಹುಲ್ಲು, ಎಲೆ ಇಲ್ಲದಂತೆ ಮಾಡಿಟ್ಟರೆ ಹುಲ್ಲಿನ ಬೆಂಕಿಗೆ ಅಲ್ಲಿಂದ ಮುಂದೆ ಉರಿಯಲು ಏನೂ ಇರುವುದಿಲ್ಲ. ಅರಣ್ಯ ಇಲಾಖೆ ಬೇಸಿಗೆಗೆ ಮೊದಲು ಕಾಡಿನ ಅಂಚಿನಲ್ಲಿ ಬೆಂಕಿ ರೇಖೆ ಮಾಡುವುದೂ ಇದೇ ಲೆಕ್ಕದಲ್ಲಿ. ತೋಟ ಕಾಡಿಗೆ ತಾಗಿಕೊಂಡಿದ್ದರೆ ನಿಮ್ಮ ಬೆಂಕಿ ಮೀಸಲು ಅರಣ್ಯಕ್ಕೆ ಹಬ್ಬಿದಾಗ ಅದು ಕಾನೂನಿನ ಪ್ರಕಾರ ಅಪರಾಧವೂ ಹೌದು. ಕೈಮೀರಿದರೆ 112ಕ್ಕೆ ಕರೆ ಮಾಡಿ. ವಿಡಿಯೋ ಮಾಡಿ ಗ್ರೂಪಿಗೆ ಹಾಕುವುದು ಆಮೇಲೆ.

ನೈಲಾನ್ ದಾರ ತಾನೇ, ಏನಾಗುತ್ತದೆ?

ಕುಡುಗೋಲು, ಕತ್ತಿಯ ಜಾಗಕ್ಕೆ ಈಗ ಹುಲ್ಲು ಹೊಡೆಯುವ ಮಿಷನ್ ಬಂದಿದೆ. ಕೂಲಿಗೆ ಜನ ಸಿಗದ ಊರುಗಳಲ್ಲಿ ಅದಿಲ್ಲದೆ ತೋಟವೇ ನಡೆಯುವುದಿಲ್ಲ. ತೊಂದರೆ ಎಂದರೆ ಅದನ್ನು ಜನ ಇನ್ನೂ ಕುಡುಗೋಲಿನಂತೆಯೇ ನೋಡುತ್ತಿದ್ದಾರೆ.

ಒಂದು ಸಣ್ಣ ಲೆಕ್ಕ ಹಾಕೋಣ. ತಲೆಯ ಭಾಗ ನಿಮಿಷಕ್ಕೆ 6,000 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ, ಅಂದರೆ ಸೆಕೆಂಡಿಗೆ 100 ಸುತ್ತು. ದಾರದ ಈ ತುದಿಯಿಂದ ಆ ತುದಿಗೆ 40 ಸೆಂ.ಮೀ. ಇದ್ದರೆ ಒಂದು ಸುತ್ತಿಗೆ ತುದಿ ಸುಮಾರು 125 ಸೆಂ.ಮೀ. ಓಡುತ್ತದೆ. ಸೆಕೆಂಡಿಗೆ 125 ಮೀಟರ್, ಗಂಟೆಗೆ 450 ಕಿ.ಮೀ. ಆ ವೇಗದ ದಾರ ಒಂದು ಜಲ್ಲಿ ಚೂರಿಗೆ ತಾಗಿದರೆ ಅದು ಎಲ್ಲಿಗೆ ಹಾರುತ್ತದೆ ಎಂದು ಯಾರೂ ಹೇಳಲಾರರು. ತಯಾರಕರು ಕೈಪಿಡಿಗಳಲ್ಲಿ 15 ಮೀಟರ್ ಒಳಗೆ ಯಾರೂ ಇರಬಾರದು ಎಂದು ಬರೆಯುವುದು ಇದಕ್ಕಾಗಿ. ಹದಿನೈದು ಮೀಟರ್ ಎಂದರೆ ಎರಡು ತೆಂಗಿನ ಮರಗಳ ಅಂತರಕ್ಕೆ ಎರಡು ಪಟ್ಟು. ನಮ್ಮಲ್ಲಿ ಮಿಷನ್ ಓಡುತ್ತಿರುವಾಗ ಹಿಂದೆಯೇ ಹುಲ್ಲು ಒಟ್ಟುಮಾಡುವ ಹೆಂಗಸರು, ನೋಡಲು ಬಂದ ಮಕ್ಕಳು, ಕಾರು, ಕಿಟಕಿ ಎಲ್ಲ ಅದರೊಳಗೇ ಇರುತ್ತವೆ.

ಈಗ ಕೇಬಲ್ ತಂತಿಯ ವಿಡಿಯೋಗೆ ಬರೋಣ. ನೈಲಾನ್ ದಾರ ಬೇಗ ಸವೆಯುತ್ತದೆ, ಬೈಕಿನ ಕ್ಲಚ್ ಕೇಬಲ್ ಅಥವಾ ಬೈಂಡಿಂಗ್ ವೈರ್ ಹಾಕಿ, ಪೊದೆಯೂ ಹಾರಿಹೋಗುತ್ತದೆ ಎಂದು ಅದರಲ್ಲಿ ತೋರಿಸುತ್ತಾರೆ. ದಯವಿಟ್ಟು ಇದನ್ನು ಮಾಡಬೇಡಿ, ಯಾರಿಗೂ ಕಳಿಸಬೇಡಿ. ನೈಲಾನ್ ತುಂಡಾದರೆ ಹಗುರ, ಗಾಳಿಯಲ್ಲೇ ಬೇಗ ವೇಗ ಕಳೆದುಕೊಳ್ಳುತ್ತದೆ. ಉಕ್ಕಿನ ತಂತಿ ಬಾಗಿ ಬಾಗಿ ದಣಿದು ತುಂಡಾಗುತ್ತದೆ. ತುಂಡಾದ ಎರಡು ಇಂಚಿನ ಚೂರು ಅದೇ ವೇಗದಲ್ಲಿ ಗುಂಡಿನಂತೆ ಹೋಗಿ ಮಾಂಸದೊಳಗೆ ಕೂರುತ್ತದೆ. ಅಳವಡಿಸಿರುವ ಪ್ಲಾಸ್ಟಿಕ್ ಗಾರ್ಡ್ ಅದನ್ನು ತಡೆಯಲು ಮಾಡಿದ್ದಲ್ಲ. ಯಾವ ತಯಾರಕರೂ ದಾರದ ತಲೆಗೆ ಲೋಹದ ತಂತಿ ಹಾಕಲು ಒಪ್ಪುವುದಿಲ್ಲ. ಪೊದೆ ಕಡಿಯಬೇಕಾದರೆ ಅದಕ್ಕೆಂದೇ ಬರುವ ಬ್ಲೇಡ್ ಹಾಕಿ.

ಬ್ಲೇಡಿಗೂ ಒಂದು ಗುಣವಿದೆ. ಹಿಡಿದವರ ಕಡೆಯಿಂದ ನೋಡಿದರೆ ಸಾಮಾನ್ಯವಾಗಿ ಅದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ಹಾಗಾಗಿ ಬಲದಿಂದ ಎಡಕ್ಕೆ ಬೀಸಬೇಕು, ಎಡಭಾಗದಿಂದ ಕತ್ತರಿಸಬೇಕು. ಗಡಿಯಾರದಲ್ಲಿ 12ರಿಂದ 3ರವರೆಗಿನ ಭಾಗ, ಅಂದರೆ ಬಲ ಮುಂದಿನ ಅಂಚು, ಗಟ್ಟಿ ಕಾಂಡಕ್ಕೋ ಕಲ್ಲಿಗೋ ತಾಗಿದರೆ ಮಿಷನ್ ಒಮ್ಮೆಲೇ ಪಕ್ಕಕ್ಕೆ ಎಗರುತ್ತದೆ. ಹೆಗಲಿನ ಬೆಲ್ಟ್ ಮತ್ತು ಎರಡು ಕೈಯ ಹಿಡಿ ಇರುವುದು ಆಗ ಅದು ಕಾಲಿಗೆ ಬರದಂತೆ ತಡೆಯಲು. ಬೆಲ್ಟ್ ಬಿಚ್ಚಿ ಒಂದು ಕೈಯಲ್ಲಿ ಆಡಿಸುವುದು ಜಾಣತನವಲ್ಲ. ತಲೆಗೆ ಸುತ್ತಿಕೊಂಡ ಹುಲ್ಲನ್ನು ಇಂಜಿನ್ ಆಫ್ ಮಾಡದೆ ಬಿಡಿಸಲು ಹೋಗಿ ಬೆರಳು ಕಳೆದುಕೊಳ್ಳುವುದೂ ಇದೇ ಸಾಲಿಗೆ ಸೇರುವ ಮಾತು.

ಬೇಸಿಗೆಗೆ ವಿಶೇಷವಾದ ಅಪಾಯವೂ ಒಂದಿದೆ. ಸೈಲೆನ್ಸರ್ ಸುಡುವಷ್ಟು ಬಿಸಿಯಾಗಿರುತ್ತದೆ. ಮಿಷನ್ನನ್ನು ಒಣ ಹುಲ್ಲಿನ ಮೇಲೆ ಮಲಗಿಸಿ ಹಾಗೆಯೇ ಪೆಟ್ರೋಲ್ ಸುರಿದರೆ ಬೆಂಕಿ ಹತ್ತಲು ಬೇರೆ ಏನೂ ಬೇಡ. ಬರಿನೆಲದಲ್ಲಿ ಇಡಿ, ಹತ್ತು ನಿಮಿಷ ಆರಲು ಬಿಡಿ, ಪೆಟ್ರೋಲ್ ತುಂಬಿದ ಜಾಗದಿಂದ ನಾಲ್ಕು ಹೆಜ್ಜೆ ಆಚೆ ಹೋಗಿ ಸ್ಟಾರ್ಟ್ ಮಾಡಿ. ಕಲ್ಲು ಹೆಚ್ಚಿರುವ ಒಣ ಜಾಗದಲ್ಲಿ ಲೋಹದ ಬ್ಲೇಡಿನ ಕಿಡಿಯೂ ಸಾಕು.

ಆಯಿಲ್ ಜಾಸ್ತಿ ಹಾಕಿದರೆ ಇಂಜಿನ್ ಬಾಳಿಕೆ ಬರುತ್ತದೆಯೇ?

ಇಲ್ಲ. ಟೂ ಸ್ಟ್ರೋಕ್ ಇಂಜಿನ್ನಿಗೆ ಪೆಟ್ರೋಲಿನಲ್ಲೇ 2ಟಿ ಆಯಿಲ್ ಬೆರೆಸಬೇಕು. ಹೆಚ್ಚಿನ ಮಿಷನ್‌ಗಳಿಗೆ ಒಳ್ಳೆಯ ಆಯಿಲ್ ಆದರೆ ಲೀಟರಿಗೆ 20 ಮಿ.ಲೀ., ಕೆಲವಕ್ಕೆ 40 ಮಿ.ಲೀ. ನಿಮ್ಮದಕ್ಕೆ ಎಷ್ಟು ಎಂಬುದು ಟ್ಯಾಂಕಿನ ಮೇಲೋ ಕೈಪಿಡಿಯಲ್ಲೋ ಬರೆದಿರುತ್ತದೆ. ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹೆಚ್ಚಾದರೆ ಹೊಗೆ, ಪ್ಲಗ್ಗಿನಲ್ಲಿ ಮಸಿ, ಸೈಲೆನ್ಸರ್ ಕಟ್ಟುವುದು. ಬಸಿದ ಹಳೆಯ ಇಂಜಿನ್ ಆಯಿಲ್ ಇದಕ್ಕೆ ಆಗುವುದಿಲ್ಲ. ಫೋರ್ ಸ್ಟ್ರೋಕ್ ಮಿಷನ್ ಆದರೆ ಬೆರೆಸಲೇಬಾರದು, ಅದರ ಆಯಿಲ್ ಬೇರೆ ಜಾಗದಲ್ಲಿರುತ್ತದೆ. ಬಾಡಿಗೆಗೆ ತಂದವರು ಇದನ್ನು ಮೊದಲು ಕೇಳಿಕೊಳ್ಳಬೇಕು.

ಎಥನಾಲ್ ಪೆಟ್ರೋಲಿನಿಂದ ಮಿಷನ್ ಹಾಳಾಗುತ್ತದೆ ಎಂಬ ಮೆಸೇಜಿನಲ್ಲಿ ಸ್ವಲ್ಪ ಸತ್ಯವಿದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ, ತೇವ ಹೆಚ್ಚಾದರೆ ನೀರಿನ ಜೊತೆ ಬೇರ್ಪಟ್ಟು ತಳದಲ್ಲಿ ಕೂರುತ್ತದೆ, ಹಳೆಯ ರಬ್ಬರ್ ಭಾಗಗಳನ್ನೂ ಕೆಡಿಸಬಹುದು. ದಿನಾ ಓಡುವ ಬೈಕಿಗಿಂತ, ಬೇಸಿಗೆಯಲ್ಲಿ ಬಳಸಿ ಮಳೆಗಾಲವಿಡೀ ಅಟ್ಟದ ಮೇಲೆ ಕೂರುವ ಮಿಷನ್ನಿಗೆ ಇದರ ತೊಂದರೆ ಹೆಚ್ಚು. ಪರಿಹಾರ ಸುಲಭ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಎತ್ತಿಡಿ. ಕ್ಯಾನಿನಲ್ಲಿ ಕಳೆದ ವರ್ಷ ಉಳಿದ ಪೆಟ್ರೋಲನ್ನು ಈ ವರ್ಷ ಹಾಕಬೇಡಿ.

ಕಣ್ಣಿಗೆ ಬಿದ್ದರೆ ನಂದಿಬಟ್ಟಲು ಹೂವಿನ ರಸವೇ?

ಈ ಲೇಖನದಲ್ಲಿ ಒಂದೇ ಭಾಗ ಹಂಚಿಕೊಳ್ಳುವುದಾದರೆ ಇದನ್ನು ಹಂಚಿ.

ಹುಲ್ಲು ಹೊಡೆಯುವಾಗ ಕಣ್ಣಿಗೆ ಎರಡು ಬಗೆಯ ಪೆಟ್ಟು ಆಗುತ್ತದೆ. ಒಂದು, ಕಲ್ಲಿನ ಅಥವಾ ಬ್ಲೇಡಿನ ಸಣ್ಣ ಚೂರು ವೇಗದಿಂದ ಬಂದು ಕಣ್ಣಿನ ಒಳಗೇ ಹೊಕ್ಕುವುದು. ಹೊರಗೆ ರಕ್ತವೂ ಕಾಣದಿರಬಹುದು, ನೋವೂ ಕಡಿಮೆ ಇರಬಹುದು. ಸ್ವಲ್ಪ ಮಂಜಾಗಿದೆ, ನಾಳೆ ಸರಿಹೋಗುತ್ತದೆ ಎಂದು ಮಲಗುತ್ತಾರೆ. ಎರಡನೆಯದು, ಒಣ ಹುಲ್ಲಿನ ಎಸಳೋ ಭತ್ತದ ಕಾಳೋ ಎಲೆಯ ಅಂಚೋ ಕರಿಗುಡ್ಡೆಯ ಮೇಲೆ ಗೀರುವುದು. ನೋಡಲು ಏನೂ ಅಲ್ಲದ ಗಾಯ. ಆದರೆ ಒಣ ಸೊಪ್ಪು, ಮಣ್ಣಿನ ಮೇಲೆ ಶಿಲೀಂಧ್ರಗಳಿರುತ್ತವೆ, ಅವು ಆ ಗೀರಿನಲ್ಲಿ ಬೇರೂರುತ್ತವೆ. ಕೆಲವು ದಿನ, ಕೆಲವೊಮ್ಮೆ ಒಂದೆರಡು ವಾರದ ಮೇಲೆ ಕಣ್ಣು ಕೆಂಪಾಗಿ, ನೀರು ಸುರಿದು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಾಣಿಸುತ್ತದೆ. ದಕ್ಷಿಣ ಭಾರತದ ಕೃಷಿಕರಲ್ಲಿ ಕಾರ್ನಿಯಾ ಹುಣ್ಣಿಗೆ ಶಿಲೀಂಧ್ರ ದೊಡ್ಡ ಕಾರಣ ಎಂಬುದು ಕಣ್ಣಿನ ವೈದ್ಯರಿಗೆಲ್ಲ ಗೊತ್ತಿರುವ ಸಂಗತಿ. ತಡವಾದರೆ ಹುಣ್ಣು ವಾಸಿಯಾದರೂ ಬಿಳಿ ಕಲೆ ಉಳಿದು ದೃಷ್ಟಿ ಹೋಗುತ್ತದೆ.

ಇಂಥ ಕಣ್ಣಿಗೆ ಊರಲ್ಲಿ ಹಾಕುವುದು ನಂದಿಬಟ್ಟಲು ಹೂವಿನ ರಸ, ಎದೆಹಾಲು, ಹರಳೆಣ್ಣೆ. ಇವು ಯಾವುವೂ ಶುದ್ಧೀಕರಿಸಿದ ವಸ್ತುಗಳಲ್ಲ. ಗಾಯವಾದ ಕಣ್ಣಿಗೆ ಇನ್ನಷ್ಟು ರೋಗಾಣು ಸೇರಿಸುತ್ತವೆ, ಅದಕ್ಕಿಂತ ಹೆಚ್ಚಾಗಿ ಎರಡು ಮೂರು ದಿನ ವ್ಯರ್ಥ ಮಾಡಿಸುತ್ತವೆ. ಇವಕ್ಕಿಂತ ಕೆಟ್ಟದ್ದು ಮೆಡಿಕಲ್ ಶಾಪಿನಲ್ಲಿ ಕಣ್ಣು ಕೆಂಪಾಗಿದೆ ಎಂದು ಹೇಳಿ ತರುವ ಡ್ರಾಪ್ಸ್. ಅದರಲ್ಲಿ ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ಇದ್ದರೆ ಮೊದಲ ದಿನ ಕೆಂಪು, ನೋವು ಕಡಿಮೆಯಾಗಿ ಹಾಯೆನಿಸುತ್ತದೆ. ಒಳಗೆ ಶಿಲೀಂಧ್ರ ಮಾತ್ರ ತಡೆಯಿಲ್ಲದೆ ಬೆಳೆಯುತ್ತದೆ. ಬೇರೆಯವರಿಗೆ ಬರೆದುಕೊಟ್ಟು ಮನೆಯಲ್ಲಿ ಉಳಿದಿರುವ ಬಾಟಲಿಯ ವಿಷಯವೂ ಇದೇ.

ಧೂಳು ಬಿದ್ದಿದ್ದರೆ ಶುದ್ಧ ನೀರಿನಿಂದ ತೊಳೆಯಿರಿ, ಉಜ್ಜಬೇಡಿ. ವೇಗವಾಗಿ ಏನೋ ಬಂದು ಬಡಿದಿದ್ದರೆ, ಚುಚ್ಚಿಕೊಂಡಿದ್ದರೆ ಅಥವಾ ನೋಟ ಮಂಜಾದರೆ ತೊಳೆಯುವುದೂ ಬೇಡ, ಒತ್ತುವುದೂ ಬೇಡ, ಚೂರನ್ನು ಕೀಳುವುದೂ ಬೇಡ. ಕಾಗದದ ಲೋಟವನ್ನು ಕಣ್ಣಿಗೆ ತಾಗದಂತೆ ಮೇಲೆ ಮುಚ್ಚಿ ಅಂಟಿಸಿ, ಅಂದೇ ಕಣ್ಣಿನ ಆಸ್ಪತ್ರೆಗೆ ಹೋಗಿ, ಮಿಷನ್‌ನಲ್ಲಿ ಕೆಲಸ ಮಾಡುವಾಗ ಆಯಿತು ಎಂದು ಮರೆಯದೆ ಹೇಳಿ. ವೈದ್ಯರು ಹುಡುಕುವ ರೀತಿಯೇ ಆಗ ಬೇರೆ.

ಓದುವ ಕನ್ನಡಕ ಅಥವಾ ತಂಪು ಕನ್ನಡಕ ಇದಕ್ಕೆ ರಕ್ಷಣೆಯಲ್ಲ. ಪಕ್ಕವೂ ಮುಚ್ಚುವ ಪಾಲಿಕಾರ್ಬೊನೇಟ್ ಗಾಗಲ್ಸ್ ಬೇಕು, ಮೇಲೆ ಜಾಲರಿಯ ಮುಖಗವಸು ಇದ್ದರೆ ಇನ್ನೂ ಒಳ್ಳೆಯದು. ಮಿಷನ್ನಿಗೆ ಸಾವಿರಾರು ರೂಪಾಯಿ ಕೊಟ್ಟು ಕೆಲಸಕ್ಕೆ ಬಂದವರಿಗೆ ಒಂದು ಗಾಗಲ್ಸ್ ಕೊಡದಿರುವ ತೋಟದ ಮಾಲೀಕರನ್ನು ಏನೆನ್ನಬೇಕೋ ತಿಳಿಯದು. ಕಿವಿಗೆ ಮಫ್ ಅಥವಾ ಪ್ಲಗ್ ಕೂಡ ಬೇಕು, ವರ್ಷಗಟ್ಟಲೆ ಈ ಸದ್ದಿನಲ್ಲಿ ದುಡಿದವರ ಶ್ರವಣ ಶಕ್ತಿ ಕುಗ್ಗಿದರೆ ಮರಳಿ ಬರುವುದಿಲ್ಲ.

ಫಿನಾಯಿಲ್, ಬೆಳ್ಳುಳ್ಳಿ, ಕಾರ್ಬಾಲಿಕ್ ಆಸಿಡ್ ಹಾವು ಓಡಿಸುತ್ತವೆಯೇ?

ಓಡಿಸುತ್ತವೆ ಎನ್ನಲು ಆಧಾರವಿಲ್ಲ. ಹಾವು ನಾಲಿಗೆ ಚಾಚಿ ವಾಸನೆಯ ಕಣಗಳನ್ನು ಗ್ರಹಿಸುತ್ತದೆ ನಿಜ. ಆದರೆ ಮನೆ ಸುತ್ತ ಚೆಲ್ಲಿದ ಗೆರೆಯನ್ನು ದಾಟುವುದಿಲ್ಲ ಎಂಬುದು ಕಟ್ಟುಕಥೆ. ಕಾರ್ಬಾಲಿಕ್ ಆಸಿಡ್ ಅಂದರೆ ಫೀನಾಲ್, ಮೈಗೆ ತಾಗಿದರೆ ಮನುಷ್ಯರ ಚರ್ಮವನ್ನೇ ಸುಡುವ ವಿಷ. ಮಕ್ಕಳು, ಬೆಕ್ಕು, ಕಪ್ಪೆ, ಬಾವಿ ಇರುವ ಅಂಗಳಕ್ಕೆ ಅದನ್ನು ಚೆಲ್ಲುವುದರಿಂದ ಹಾವಿಗಿಂತ ಮನೆಯವರಿಗೇ ಅಪಾಯ. ಹಾವು ಬರುವುದು ಇಲಿಗೆ, ಕಪ್ಪೆಗೆ, ನೆರಳಿಗೆ. ತೆಂಗಿನ ಗರಿಯ ರಾಶಿ, ಸೌದೆ, ಹಂಚಿನ ಗುಡ್ಡೆ, ಚೆಲ್ಲಿದ ಕಾಳು ಮನೆಗೆ ತಾಗಿ ಇಲ್ಲದಿದ್ದರೆ ಅದಕ್ಕೂ ಅಲ್ಲಿ ಕೆಲಸವಿಲ್ಲ.

ಮಿಷನ್ ಸದ್ದಿಗೆ ಹಾವು ದೂರ ಹೋಗುತ್ತದೆ ಎಂದೂ ನಂಬಬೇಡಿ. ಕೊಳಕುಮಂಡಲ ಒಣ ಎಲೆಯ ಬಣ್ಣದಲ್ಲೇ ಇರುತ್ತದೆ, ಓಡುವ ಬದಲು ಸುರುಳಿ ಸುತ್ತಿ ಅಲ್ಲೇ ಕೂರುತ್ತದೆ, ಅದರ ಬುಸುಗುಟ್ಟುವಿಕೆ ಮಿಷನ್ ಸದ್ದಿನಲ್ಲಿ ನಿಮಗೆ ಕೇಳುವುದಿಲ್ಲ. ಮೊದಲು ಉದ್ದ ಕೋಲಿನಿಂದ ಹುಲ್ಲು ಬಡಿಯುತ್ತಾ ಒಂದು ಸುತ್ತು ಹೋಗಿ. ಗಂಬೂಟು ಹಾಕಿ. ಕತ್ತರಿಸಿದ ಹುಲ್ಲು, ಗರಿಯನ್ನು ಬರಿಗೈಯಲ್ಲಿ ತಬ್ಬಿ ಎತ್ತುವ ಬದಲು ರೇಕಿನಿಂದ ಎಳೆಯಿರಿ.

2000ದಿಂದ 2019ರವರೆಗಿನ ಲೆಕ್ಕ ನೋಡಿದರೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆ ಎಂಬ ಅಂದಾಜಿದೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಸಾರಿದೆ. ಕಚ್ಚಿದರೆ ಹಗ್ಗ ಬಿಗಿಯುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು, ಕಲ್ಲು ಅಂಟಿಸುವುದು ಏನೂ ಬೇಡ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆದು, ಕಚ್ಚಿದ ಕೈ ಅಥವಾ ಕಾಲು ಅಲ್ಲಾಡದಂತೆ ಇಟ್ಟು, ನಡೆಸದೆ ಆಸ್ಪತ್ರೆಗೆ ಕರೆದೊಯ್ಯಿರಿ. 108ಕ್ಕೆ ಕರೆ ಮಾಡಿ. ಹಾವನ್ನು ಹಿಡಿದು ತರುವ ಅಗತ್ಯವಿಲ್ಲ.

ಮಂಗನ ಕಾಯಿಲೆ ಮಂಗ ಕಚ್ಚಿದರೆ ಬರುತ್ತದೆಯೇ?

ಇಲ್ಲ, ಉಣ್ಣೆಯಿಂದ ಬರುತ್ತದೆ. ಮಲೆನಾಡಿನಲ್ಲಿ ತರಗೆಲೆ ಗುಡಿಸುವವರು ಇದನ್ನು ಓದಲೇಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ವೈರಸ್ ಹರಡುವುದು ಕಾಡಿನ ನೆಲದಲ್ಲಿ, ಎಲೆಯಡಿಯಲ್ಲಿರುವ ಸಣ್ಣ ಉಣ್ಣೆಗಳ ಮರಿಗಳಿಂದ. ಅವು ಹೆಚ್ಚಾಗಿರುವುದು ನವೆಂಬರ್, ಡಿಸೆಂಬರ್‌ನಿಂದ ಮೇ ವರೆಗೆ. ದರಕು ತರಲು ಕಾಡಿಗೆ ಹೋಗುವುದೂ ಸರಿಯಾಗಿ ಇದೇ ತಿಂಗಳುಗಳಲ್ಲಿ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ, ಹಾಗಾಗಿ ರೋಗಿಯ ಮನೆಗೆ ಹೋಗಬೇಡಿ ಎಂಬ ಮೆಸೇಜುಗಳಿಗೆ ಅರ್ಥವಿಲ್ಲ.

ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತಿದೆ, ವೈರಸ್ಸನ್ನೇ ಕೊಲ್ಲುವ ಔಷಧಿಯೂ ಇಲ್ಲ. ಆದ್ದರಿಂದ ಉಣ್ಣೆ ಕಚ್ಚದಂತೆ ನೋಡಿಕೊಳ್ಳುವುದೇ ದಾರಿ. ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿ, ಮೈ ಮುಚ್ಚುವ ಬಟ್ಟೆ ಹಾಕಿ, ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಸತ್ತ ಮಂಗದ ಮೈಯಿಂದ ಉಣ್ಣೆಗಳು ಉದುರಿ ಸುತ್ತ ಹರಡಿರುತ್ತವೆ. ಕಾಡಿಗೆ ಹೋಗಿಬಂದ ವಾರದೊಳಗೆ ಒಮ್ಮೆಲೇ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಕೂರಬೇಡಿ.

ಉಪ್ಪು, ವಿನೆಗರ್, ಸೋಪು

ಕೆಲಸ ಮಾಡುತ್ತದೆ, ಅದೇ ತೊಂದರೆ. ಅಡುಗೆಯ ವಿನೆಗರ್‌ನಲ್ಲಿ ಅಸಿಟಿಕ್ ಆಮ್ಲ ಶೇ. 4ರಿಂದ 5 ಮಾತ್ರ. ಅದು ಎಳೆಯ ಎಲೆಯನ್ನು ಸುಡುತ್ತದೆ, ಸಂಜೆಗೆ ಕಳೆ ಬಾಡಿದ್ದು ನೋಡಿ ವಿಡಿಯೋ ಮಾಡುತ್ತಾರೆ. ಗರಿಕೆ ಬೇರಿನಿಂದ, ಜೇಕು ಗಡ್ಡೆಯಿಂದ ಎರಡು ವಾರಕ್ಕೆ ಮತ್ತೆ ಬರುತ್ತದೆ, ಆ ವಿಡಿಯೋ ಯಾರೂ ಮಾಡುವುದಿಲ್ಲ. ಉಪ್ಪು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಸೋಡಿಯಂ ಮಣ್ಣಿನ ಕಣಗಳ ಹಿಡಿತ ಕೆಡಿಸಿ ನೆಲವನ್ನು ಗಟ್ಟಿ ಮಾಡುತ್ತದೆ, ಮಳೆ ಕಡಿಮೆ ಇರುವ ಬಯಲುಸೀಮೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಕಲ್ಲು ಹಾಸಿನ ಸಂದಿಗೆ ಸ್ವಲ್ಪ ಹಾಕಿದರೆ ಪರವಾಗಿಲ್ಲ, ಗಿಡ ಬೆಳೆಯುವ ಜಾಗಕ್ಕೆ ಬೇಡ.

ಪಾರ್ಥೇನಿಯಂ, ನಮ್ಮ ಕಡೆ ಕಾಂಗ್ರೆಸ್ ಗಿಡ ಎನ್ನುವುದು, ಹೂ ಬಿಡುವ ಮೊದಲೇ ಬೇರು ಸಮೇತ ಕೀಳಬೇಕು. ಬರಿಗೈ ಬೇಡ, ಚರ್ಮಕ್ಕೂ ಉಸಿರಿಗೂ ಅಲರ್ಜಿ ಮಾಡುತ್ತದೆ. ಮಿಷನ್ನಿನಲ್ಲಿ ಮೇಲಷ್ಟೇ ಹೊಡೆದರೆ ಬುಡದಿಂದ ಮತ್ತೆ ಕವಲೊಡೆಯುತ್ತದೆ. ಬೇಲಿಯಲ್ಲಿ ನಸುಗುನ್ನಿ ಕಾಯಿ ಒಣಗಿ ನಿಂತಿದ್ದರೆ ಆ ಭಾಗಕ್ಕೆ ಮಿಷನ್ ಹಾಕಲೇಬೇಡಿ. ಅದರ ರೋಮ ಗಾಳಿಗೆ ಹಾರಿದರೆ ಕೆಲಸಕ್ಕೆ ಬಂದವರೆಲ್ಲ ಅಂದು ತುರಿಸಿಕೊಂಡೇ ಮನೆಗೆ ಹೋಗಬೇಕು.

ಬಿಸಿಲಿನಿಂದ ಬಂದು ತಣ್ಣೀರು ಕುಡಿದರೆ?

ರಕ್ತನಾಳ ಒಡೆಯುವುದಿಲ್ಲ. ಕುಡಿದ ನೀರು ಹೊಟ್ಟೆಯಲ್ಲಿ ಬೇಗ ಮೈಯ ಬಿಸಿಗೆ ಬರುತ್ತದೆ, ರಕ್ತನಾಳಗಳು ಒಡೆಯುವಷ್ಟು ತಣ್ಣಗಾಗುವುದೇ ಇಲ್ಲ. ಗಟಗಟನೆ ಕುಡಿದರೆ ಕೆಲವರಿಗೆ ತಲೆ ಚುಳ್ಳೆನ್ನಬಹುದು, ಹೊಟ್ಟೆ ಹಿಡಿದಂತಾಗಬಹುದು, ಅಷ್ಟೇ. ಈ ಮೆಸೇಜಿನ ನಿಜವಾದ ಕೇಡು ಏನೆಂದರೆ, ಬಿಸಿಲಿನಿಂದ ಕುಸಿದುಬಿದ್ದವರ ಮೇಲೆ ನೀರು ಹಾಕಲೂ ಜನ ಹೆದರುವಂತೆ ಮಾಡಿದೆ. ಬಿಸಿಲಾಘಾತಕ್ಕೆ ತಣ್ಣೀರಿನಿಂದ ಮೈ ತಂಪು ಮಾಡುವುದೇ ಮೊದಲ ಚಿಕಿತ್ಸೆ.

ಹುಲ್ಲು ಹೊಡೆಯುವವರು ದಪ್ಪ ಬಟ್ಟೆ, ಬೂಟು, ಗಾಗಲ್ಸ್ ಹಾಕಿ ಬಿಸಿ ಇಂಜಿನ್ ಹೊತ್ತಿರುತ್ತಾರೆ. ಕರಾವಳಿಯಲ್ಲಿ ಉಷ್ಣಾಂಶ 35 ಡಿಗ್ರಿಯೇ ಇದ್ದರೂ ಗಾಳಿಯಲ್ಲಿ ತೇವ ಹೆಚ್ಚು, ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಬೆಳಿಗ್ಗೆ ಆರಕ್ಕೆ ಶುರು ಮಾಡಿ ಹತ್ತಕ್ಕೆ ನಿಲ್ಲಿಸಿ, ಉಳಿದದ್ದು ಸಂಜೆ ನಾಲ್ಕರ ಮೇಲೆ. ಅರ್ಧ ಗಂಟೆಗೊಮ್ಮೆ ನೆರಳಿಗೆ ಬಂದು ನೀರು ಕುಡಿಯಿರಿ. ಗಂಟೆಗಟ್ಟಲೆ ಬೆವರಿದವರಿಗೆ ಉಪ್ಪು ಹಾಕಿದ ಮಜ್ಜಿಗೆ, ಗಂಜಿ ತಿಳಿ ಅಥವಾ ಓಆರ್‌ಎಸ್ ಬರೀ ನೀರಿಗಿಂತ ಒಳ್ಳೆಯದು.

ತಲೆಸುತ್ತು, ಸ್ನಾಯು ಹಿಡಿತ ಶುರುವಾದರೆ ಅಂದಿಗೆ ಕೆಲಸ ಮುಗಿಯಿತು ಎಂದುಕೊಳ್ಳಿ. ಮೈ ಸುಡುತ್ತಿದ್ದು, ಮಾತು ತೊದಲಿ, ಅಸಂಬದ್ಧವಾಗಿ ವರ್ತಿಸಿದರೆ ಅಥವಾ ಪ್ರಜ್ಞೆ ತಪ್ಪಿದರೆ ಅದು ಬಿಸಿಲಾಘಾತ. ಕೆಲಸ ಮಾಡುತ್ತಾ ಬಿದ್ದವರಲ್ಲಿ ಬೆವರು ಇನ್ನೂ ಸುರಿಯುತ್ತಿರಬಹುದು, ಬೆವರಿದ್ದರೆ ಬಿಸಿಲಾಘಾತ ಅಲ್ಲ ಎಂದುಕೊಳ್ಳಬೇಡಿ. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ. 108ಕ್ಕೆ ಕರೆ ಮಾಡಿ, ಅದು ಬರುವವರೆಗೆ ಕಾಯದೆ ನೆರಳಿಗೆ ತಂದು, ಬೂಟು, ದಪ್ಪ ಬಟ್ಟೆ ತೆಗೆದು, ಕೊಡದಿಂದಲೋ ಪೈಪಿನಿಂದಲೋ ಮೈಮೇಲೆ ನೀರು ಸುರಿಯುತ್ತಾ ಗಾಳಿ ಹಾಕಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ನೆಲ ಕಾಣುವಂತೆ ಹೆರೆಯಬೇಕೇ?

ಮನೆಯ ಸುತ್ತ, ಬಣವೆಯ ಸುತ್ತ ಹೌದು. ತೋಟದ ಒಳಗೆ ಬೇಡ. ಮಿಷನ್ ತಲೆಯನ್ನು ನೆಲಕ್ಕೆ ಒತ್ತಿ ಕೆಂಪು ಮಣ್ಣು ಕಾಣುವಂತೆ ಹೊಡೆಸಿದರೆ ನೋಡಲು ಚೆಂದ, ಆದರೆ ಬಿಸಿಲಿಗೆ ಬರಿ ಮಣ್ಣು ಕಾದು ತೇವ ಆರುತ್ತದೆ, ಮೊದಲ ಗುಡುಗು ಮಳೆಗೆ ಮೇಲ್ಮಣ್ಣು ಹರಿದು ಹೋಗುತ್ತದೆ. ಕಲ್ಲು ಹಾರುವುದು, ದಾರ ಸವೆಯುವುದು ಹೆಚ್ಚಾಗುವುದೂ ಆಗಲೇ. ಹೊಲದಲ್ಲಿ ಮಾಗಿ ಉಳುಮೆ ಮಾಡುವವರ ಲೆಕ್ಕ ಬೇರೆ, ಅಲ್ಲಿ ಮಣ್ಣು ಮಗುಚಿ ಮಳೆ ನೀರು ಇಂಗಿಸುವುದು ಉದ್ದೇಶ. ಅಡಿಕೆ, ತೆಂಗು, ಮಾವಿನ ತೋಟದಲ್ಲಿ ಮೂರ್ನಾಲ್ಕು ಇಂಚು ಹುಲ್ಲು ಬಿಟ್ಟು ಹೊಡೆಸಿ, ಬಿದ್ದದ್ದನ್ನು ಬುಡದ ಪಾತಿಗೆ ಎಳೆದು ಹಾಕಿ. ಗೆದ್ದಲು ಇರುವ ಕಡೆ ಹೊದಿಕೆ ಕಾಂಡಕ್ಕೆ ತಾಗದಂತೆ ಒಂದು ಗೇಣು ಜಾಗ ಬಿಡಿ.